ನೆರವಿನ ಹಣದ ಬಗ್ಗೆ ತೀರ್ಮಾನಿಸುವವರು ಯಾರು?

ಪ್ರಶ್ನೆ:
2016ರ ಮೇ ತಿಂಗಳಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ವಿಶ್ವ ಮಾನವೀಯ ಶೃಂಗಸಭೆಯಲ್ಲಿ ದಾನಿ ರಾಷ್ಟ್ರಗಳೂ ದೊಡ್ಡ ನೆರವು ಸಂಸ್ಥೆಗಳೂ ‘ಗ್ರ್ಯಾಂಡ್ ಬಾರ್ಗೇನ್’ ಎಂಬ ಒಪ್ಪಂದಕ್ಕೆ ಬಂದು, ಮಾನವೀಯ ನೆರವಿನ ಶೇ 25ರಷ್ಟನ್ನು 2020ರೊಳಗೆ ಸ್ಥಳೀಯ ಸಂಸ್ಥೆಗಳಿಗೆ ಸಾಧ್ಯವಾದಷ್ಟು ನೇರವಾಗಿ ತಲುಪಿಸುವುದಾಗಿ ಮಾತು ಕೊಟ್ಟಿದ್ದವು. ಗಡುವು ಮುಗಿದು ವರ್ಷಗಳೇ ಕಳೆದರೂ ನೇರವಾಗಿ ತಲುಪುವ ಪಾಲು ಗುರಿಯ ಹತ್ತಿರಕ್ಕೂ ಬಂದಿಲ್ಲ. ಸ್ಥಳೀಯರಿಗೆ ಲೆಕ್ಕಪತ್ರ ಇಡುವ ಸಾಮರ್ಥ್ಯವಿಲ್ಲ ಎಂಬ ಸಮರ್ಥನೆ ಆಗಾಗ ಕೇಳಿಬರುತ್ತದೆ. ಇದು ನಿಜವಾದ ಕಾರಣವೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1:
ಸುಡಾನ್‌ನ ಅನುಭವವನ್ನು ನೋಡಿದರೆ ಆ ಸಮರ್ಥನೆ ನಿಲ್ಲುವುದಿಲ್ಲ. 2023ರ ಏಪ್ರಿಲ್ 15ರಂದು ಸೇನೆಗೂ ಆರ್‌ಎಸ್‌ಎಫ್ ಅರೆಸೇನಾ ಪಡೆಗೂ ಯುದ್ಧ ಆರಂಭವಾಗಿ ವಿದೇಶಿ ಸಂಸ್ಥೆಗಳ ಸಿಬ್ಬಂದಿ ಖಾರ್ಟೂಮ್ ತೊರೆದಾಗ, ಬಡಾವಣೆಗಳ ಯುವಕ ಯುವತಿಯರೇ ‘ತುರ್ತು ಸ್ಪಂದನಾ ಕೊಠಡಿ’ಗಳನ್ನು ಕಟ್ಟಿಕೊಂಡು ಗಂಜಿ ಕೇಂದ್ರಗಳನ್ನು ನಡೆಸಿದರು, ಸಿಲುಕಿದವರನ್ನು ಹೊರಕ್ಕೆ ಕರೆತಂದರು. ‘ಬ್ಯಾಂಕಕ್’ ಎಂಬ ಮೊಬೈಲ್ ಆ್ಯಪ್ ಮೂಲಕ ಹಣ ತರಿಸಿಕೊಳ್ಳುತ್ತಿದ್ದರು; 2024ರ ಫೆಬ್ರುವರಿಯಲ್ಲಿ ದೂರಸಂಪರ್ಕ ಕಡಿದುಹೋದಾಗ ಆ ದಾರಿಯೂ ಮುಚ್ಚಿತು. ಈ ಕೊಠಡಿಗಳು ನೋಂದಾಯಿತ ಸಂಸ್ಥೆಗಳಲ್ಲದ ಕಾರಣ ದಾನಿ ಸರ್ಕಾರಗಳ ಹಣ ಮಧ್ಯವರ್ತಿ ಸಂಸ್ಥೆಗಳ ಮೂಲಕವೇ ಬರಬೇಕಾಯಿತು. 2025ರ ಜನವರಿಯಲ್ಲಿ ಅಮೆರಿಕ ತನ್ನ ನೆರವನ್ನು ಹಠಾತ್ತನೆ ತಡೆಹಿಡಿದಾಗ ನೂರಾರು ಗಂಜಿ ಕೇಂದ್ರಗಳು ಮುಚ್ಚಿದವು. ಗುಂಡು ಮತ್ತು ಬಂಧನದ ಅಪಾಯವನ್ನು ಹೊತ್ತವರನ್ನು ಆ ತೀರ್ಮಾನಕ್ಕೆ ಮೊದಲು ಯಾರೂ ಕೇಳಲಿಲ್ಲ.

ಇನ್ನೊಂದು ಮಾತು. ದೊಡ್ಡ ಸಂಸ್ಥೆಗಳ ಆಡಳಿತ ವೆಚ್ಚವನ್ನು ದಾನಿಗಳು ಭರಿಸುತ್ತಾರೆ, ಆದರೆ ಅದರ ಪಾಲು ಸ್ಥಳೀಯ ಪಾಲುದಾರರಿಗೆ ಸಿಗುವುದು ಅಪರೂಪ. ಲೆಕ್ಕಿಗರ ಸಂಬಳಕ್ಕೆ ಹಣ ಕೊಡದೆ ಲೆಕ್ಕಿಗರಿಲ್ಲವೆಂದು ಆಕ್ಷೇಪಿಸುವುದು ಅನ್ಯಾಯ.

ಉತ್ತರ 2:
ಒಪ್ಪುತ್ತೇನೆ. ಆದರೂ ಹಣ ಸ್ಥಳೀಯರ ಕೈಗೆ ಬಂದ ಮಾತ್ರಕ್ಕೆ ನ್ಯಾಯ ದೊರೆಯುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ತಮಿಳುನಾಡಿನ ನಾಗಪಟ್ಟಿಣಂ ಕರಾವಳಿಯಲ್ಲಿ ದೋಣಿ, ಬಲೆಗಳ ನಷ್ಟಕ್ಕೇ ಮೊದಲ ಗಮನ ಸಿಕ್ಕಿದ್ದರಿಂದ, ಸ್ವಂತ ದೋಣಿಯಿಲ್ಲದೆ ಕೂಲಿಯನ್ನೇ ನಂಬಿದ್ದ ಅನೇಕ ದಲಿತ ಕುಟುಂಬಗಳು ಫಲಾನುಭವಿಗಳ ಪಟ್ಟಿಯಿಂದ ಹೊರಗುಳಿದವು. ಆ ಪಟ್ಟಿಗಳನ್ನು ಮಾಡುವಾಗ ನಡೆದದ್ದು ಹೆಚ್ಚಾಗಿ ಮೀನುಗಾರ ಪಂಚಾಯತಿಗಳ ಗಂಡಸರ ಮಾತು. ಆದ್ದರಿಂದ ‘ಸ್ಥಳೀಯ’ ಎಂದಾಗ ಆ ಊರಿನಲ್ಲಿ ಯಾರು ಎಂದೂ ಕೇಳಲೇಬೇಕು.

ಉತ್ತರ 3:
ನಮ್ಮ ದೇಶದ ಕಾನೂನನ್ನೂ ಇಲ್ಲಿ ಗಮನಿಸಬೇಕು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಂತೆ, ಒಂದು ಸಂಸ್ಥೆ ತಾನು ಪಡೆದ ವಿದೇಶಿ ದೇಣಿಗೆಯನ್ನು ಮತ್ತೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚದ ಮಿತಿಯೂ ಶೇ 50ರಿಂದ ಶೇ 20ಕ್ಕೆ ಇಳಿಯಿತು. ದುರುಪಯೋಗವನ್ನು ತಡೆಯಬೇಕೆಂಬುದು ಸರಿ. ಆದರೆ ಇದರ ಫಲವಾಗಿ, ಬೆಂಗಳೂರಿನ ಸಂಸ್ಥೆಯೊಂದು ರಾಯಚೂರಿನ ನೆರೆಪೀಡಿತ ಹಳ್ಳಿಯ ಮಹಿಳಾ ಸಂಘಕ್ಕೆ ಆ ಹಣವನ್ನು ಒಪ್ಪಿಸಿ, ಹೇಗೆ ಬಳಸಬೇಕೆಂಬುದನ್ನು ಅವರ ತೀರ್ಮಾನಕ್ಕೆ ಬಿಡುವ ದಾರಿಯೇ ಮುಚ್ಚಿದೆ. ದೇಶದೊಳಗಿನ ದೇಣಿಗೆಗೆ ಈ ನಿರ್ಬಂಧವಿಲ್ಲ. ಇಲ್ಲಿನ ಕಂಪನಿಗಳೂ ದಾನಿಗಳೂ ಇಂತಹ ಸಂಘಗಳ ಲೆಕ್ಕಿಗರ ಸಂಬಳವನ್ನೂ ಸೇರಿಸಿ ನೇರವಾಗಿ ಹಣ ಕೊಡಲು ಈಗಲೇ ಆರಂಭಿಸಬಹುದು.