‘ಹೋಗುತ್ತಿದ್ದೆ’ ಅಂದರೆ ಯಾವಾಗಲೂ ‘ವಾಸ್ ಟ್ರಾವೆಲಿಂಗ್’ ಆಗುತ್ತದೆಯೇ?

ಗೆಳೆಯರೇ,

ಕೊಪ್ಪಳದಲ್ಲಿ ನಮ್ಮ ಓಣಿಯ ಹುಡುಗನೊಬ್ಬ ಬಸ್ಸಿನಲ್ಲಿ ಮೊಬೈಲ್ ಕಳಕೊಂಡ. ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆದು ‘ಸರ, ಒಮ್ಮೆ ನೋಡ್ರಿ’ ಎಂದು ತಂದುಕೊಟ್ಟ. ಮೊದಲ ಸಾಲು: ‘ಲಾಸ್ಟ್ ಇಯರ್ ಐ ವಾಸ್ ಟ್ರಾವೆಲಿಂಗ್ ಟು ಗಂಗಾವತಿ ಮೆನಿ ಟೈಮ್ಸ್.’ ಮುಂದಿನದು: ‘ಯೆಸ್ಟರ್‌ಡೇ ಐ ಟ್ರಾವೆಲ್ಡ್ ವೆನ್ ಐ ಲಾಸ್ಟ್ ಮೈ ಫೋನ್.’ ‘ವಾಸ್ ಟ್ರಾವೆಲಿಂಗ್’ ಇರಬೇಕಾದದ್ದು ಎರಡನೆಯ ಸಾಲಿನಲ್ಲಿ, ಮೊದಲನೆಯದಕ್ಕೆ ಬರೀ ‘ಟ್ರಾವೆಲ್ಡ್’ ಸಾಕು.

ನನ್ನ ಅನಿಸಿಕೆಯಲ್ಲಿ ಗೊಂದಲದ ಬೇರು ಕನ್ನಡದಲ್ಲೇ ಇದೆ. ‘ಆಗ ದಿನಾ ಹೋಗುತ್ತಿದ್ದೆ’ ಅಂದರೆ ರೂಢಿ. ‘ಹೋಗುತ್ತಿದ್ದೆ, ಅಷ್ಟರಲ್ಲಿ ಮಳೆ ಬಂತು’ ಅಂದರೆ ನಡುದಾರಿಯಲ್ಲಿದ್ದೆ. ‘ಬಸ್ ಸಿಕ್ಕಿದ್ದರೆ ಹೋಗುತ್ತಿದ್ದೆ’ ಅಂದರೆ ಹೋಗಲೇ ಇಲ್ಲ! ಈ ಮೂರರಲ್ಲಿ ‘ವಾಸ್ ಟ್ರಾವೆಲಿಂಗ್’ ಸಲೀಸಾಗಿ ಕೂರುವುದು ನಡುವಿನದಕ್ಕೆ ಮಾತ್ರ. ರೂಢಿಗೆ ‘ಯೂಸ್ಡ್ ಟು ಟ್ರಾವೆಲ್’, ಆಗದೆ ಹೋದದ್ದಕ್ಕೆ ‘ವುಡ್ ಹ್ಯಾವ್ ಟ್ರಾವೆಲ್ಡ್’. ಹಾಗಂತ ರೂಢಿಯ ಅರ್ಥ ಪೂರ್ತಿ ನಿಷಿದ್ಧವೇನಲ್ಲ. ‘ಆ ತಿಂಗಳು ಐ ವಾಸ್ ಟ್ರಾವೆಲಿಂಗ್ ಎವ್ರಿ ಡೇ’ ಎಂದು ಸ್ವಲ್ಪ ಕಾಲದ ಓಡಾಟಕ್ಕೆ ಇಂಗ್ಲಿಷಿನವರೂ ಹೇಳುತ್ತಾರೆ. ‘ದಿನಾ ಬಂದರೆ ಇಂಗ್ ಹಚ್ಚಬಾರದು’ ಎಂಬ ಟ್ಯೂಷನ್ ಸೂತ್ರ ಅದಕ್ಕೇ ನನಗೆ ಒಗ್ಗುವುದಿಲ್ಲ.

(ಕಾಗುಣಿತದ ಮಾತು: ಬ್ರಿಟಿಷ್ ರೂಢಿಯಲ್ಲಿ ‘ಟ್ರಾವೆಲಿಂಗ್’ಗೆ ಎರಡು ‘ಎಲ್’, ಅಮೆರಿಕದಲ್ಲಿ ಒಂದು. ನಮ್ಮ ಪಠ್ಯಪುಸ್ತಕಗಳದು ಬ್ರಿಟಿಷ್ ದಾರಿ. ಫೋನಿನ ಕೀಬೋರ್ಡ್ ಅಮೆರಿಕದ್ದಾಗಿದ್ದರೆ ಎರಡನೆಯ ‘ಎಲ್’ಗೆ ಕೆಂಪು ಗೆರೆ ಎಳೆಯುತ್ತದೆ, ಹೆದರಬೇಕಿಲ್ಲ.)

ಈಗ ನನ್ನ ಪ್ರಶ್ನೆ. ನಮ್ಮ ಕಡೆ ಮಾತಿನಲ್ಲಿ ‘ಹೊಂಟಿದ್ದೆ’ ಅಂತೀವಿ. ‘ದಿನಾ ಸಾಲಿಗೆ ಹೊಂಟಿದ್ದೆ’ ಎಂದರೆ ನನ್ನ ಕಿವಿಗೆ ಒಪ್ಪುವುದಿಲ್ಲ, ಅಲ್ಲಿ ‘ಹೋಗ್ತಿದ್ದೆ’ಯೇ ಬೇಕು. ಅಂದರೆ ರೂಢಿಯನ್ನೂ ನಡುದಾರಿಯನ್ನೂ ಆಡುಮಾತು ಬೇರೆ ಮಾಡಿಟ್ಟಿದೆ, ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡಲು ಇದನ್ನೇ ಹಿಡಿಯಬಹುದು. ತೊಡಕು ಇಷ್ಟೇ: ‘ಗಂಗಾವತಿಗೆ ಹೊಂಟಿದ್ದೆ, ಫೋನ್ ಬಂತು’ ಎಂದಾಗ ಇನ್ನೂ ಮನೆಯಲ್ಲಿ ಚಪ್ಪಲಿ ಮೆಟ್ಟುತ್ತಿದ್ದೆನೋ, ಬಸ್ಸಿನಲ್ಲಿ ಕೂತಿದ್ದೆನೋ ತಿಳಿಯದು. ಮೊದಲನೆಯದು ‘ವಾಸ್ ಅಬೌಟ್ ಟು ಲೀವ್’, ಎರಡನೆಯದು ‘ವಾಸ್ ಟ್ರಾವೆಲಿಂಗ್’.

ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯವರು ಈ ಎರಡಕ್ಕೂ ‘ಹೊಂಟಿದ್ದೆ’ಯನ್ನೇ ಬಳಸುತ್ತೀರಾ? ಬೇರೆ ರೂಪವಿದ್ದರೆ ಒಂದು ಪೂರ್ತಿ ವಾಕ್ಯದ ಸಮೇತ ತಿಳಿಸಿ.