‘ಮಾಳ’ ಅಂದರೆ ಗುಡಿಸಲೋ, ಬಯಲೋ?

ಗೆಳೆಯರೇ,

ಚಾರಣಕ್ಕೆ ಹೋಗುವ ಹುಡುಗರಿಗಾಗಿ ಒಂದು ಪುಟ್ಟ ಕೈಪಿಡಿ ಬರೆಯುತ್ತಿದ್ದೇನೆ. ಅದರಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಮಳೆಗಾಲದ ಕಾಡಲ್ಲಿ ರಾತ್ರಿ ಕಳೆಯಬೇಕಾಗಿ ಬಂದರೆ ನೆಲದ ಮೇಲೆ ಮಲಗಬಾರದು. ನಾಲ್ಕು ಗೂಟ ನೆಟ್ಟು, ಸೊಂಟದೆತ್ತರಕ್ಕೆ ಹಾಸು ಕಟ್ಟಿ, ಮೇಲೆ ಇಳಿಜಾರಾಗಿ ಹೊದಿಸಬೇಕು. ನೀರು ಕೆಳಗೆ ಹರಿದು ಹೋಗುತ್ತದೆ, ಉಂಬಳದ (ರಕ್ತ ಹೀರುವ ಜಿಗಣೆ) ಕಾಟ ಕಡಿಮೆ, ನೆಲದ ಥಂಡಿ ಮೈಗೆ ಹತ್ತುವುದಿಲ್ಲ. (ಕಾಯ್ದಿಟ್ಟ ಕಾಡಲ್ಲಿ ಸುಮ್ನೆ ಗೂಟ ಕಡಿಯೋ ಹಾಗಿಲ್ಲ, ಅದನ್ನು ಬೇರೆ ಬರೆದಿದ್ದೇನೆ.) ಇದಕ್ಕೆ ಹೆಸರೇನು? ಮೊದಲು ‘ಎತ್ತರಿಸಿದ ಆಶ್ರಯತಾಣ’ ಅಂತ ಬರೆದೆ. ಸರ್ಕಾರಿ ಬೋರ್ಡ್ ಓದಿದ ಹಾಗಾಯಿತು, ಅಳಿಸಿದೆ.

ನನ್ನ ಬಾಯಿಗೆ ಬರುವ ಪದ ‘ಮಾಳ’. ನಾನು ಸಾಗರದ ಕಡೆಯವನು. ಭತ್ತ ತೆನೆ ಬಿಟ್ಟ ಮೇಲೆ ಕಾಡುಹಂದಿ ನುಗ್ಗದಂತೆ ಕಾಯಲು ಗದ್ದೆ ಅಂಚಿಗೆ ಮಾಳ ಕಟ್ಟುತ್ತಿದ್ದರು. ಕವಲಿರುವ ನಾಲ್ಕು ಕಂಬ, ಕವಲಿನಲ್ಲಿ ಅಡ್ಡ ಗಳ, ಅದರ ಮೇಲೆ ಅಡಿಕೆ ಮರ ಸೀಳಿದ ದಬ್ಬೆ, ತಲೆ ಮೇಲೆ ಸೋಗೆ ಗರಿ. ಮೊಳೆ ಒಂದೂ ಇಲ್ಲ, ಎಲ್ಲ ಬಳ್ಳಿಯ ಕಟ್ಟು. ಕೆಳಗೆ ಅಜ್ಜ ಬೆಂಕಿ ಹಾಕಿರುತ್ತಿದ್ದರು. ದಬ್ಬೆ ಸಂದಿಯಿಂದ ಹೊಗೆ ನುಗ್ಗಿ ಕಣ್ಣುರಿ. ಆದರೆ ಸೊಳ್ಳೆ ಇಲ್ಲ, ಬೆನ್ನು ಬೆಚ್ಚಗೆ. ಡಬ್ಬ ಬಡಿಯುವ ಕೆಲಸ ನನ್ನದು. ಹತ್ತು ಸಲ ಬಡಿಯುವಷ್ಟರಲ್ಲಿ ನಿದ್ದೆ.

ಇದನ್ನು ಚಾಮರಾಜನಗರದ ಗೆಳೆಯರೊಬ್ಬರಿಗೆ ಹೇಳಿದರೆ ನಕ್ಕರು. ‘ಮಾಳದಲ್ಲಿ ಮಲಗಿದ್ರಾ, ಮಳೇಲಿ?’ ಅವರಿಗೆ ಮಾಳ ಅಂದರೆ ಹೊಲ, ಬಯಲು, ದನ ಮೇಯುವ ಜಾಗ. ಆಗ ತಲೆಗೆ ಹುಳ ಬಿಟ್ಟ ಹಾಗಾಯಿತು. ನಮ್ಮಲ್ಲೂ ‘ಮಾಳ ಕಾಯಕ್ಕೆ ಹೋಗಿದಾನೆ’ ಅಂತಲೇ ಹೇಳುವುದು. ಗುಡಿಸಲನ್ನು ಯಾರು ಕಾಯ್ತಾರೆ? ಕಾಯುವುದು ಗದ್ದೆಯನ್ನು ಅಲ್ವಾ? ಹಾಗಾದರೆ ಮೊದಲು ಬಯಲಿಗಿದ್ದ ಹೆಸರು ಆಮೇಲೆ ಗುಡಿಸಲಿಗೆ ಅಂಟಿಕೊಂಡಿತೇ? ಅಥವಾ ‘ಮಾಳಿಗೆ’ಯ ನೆಂಟಸ್ತಿಕೆಯೋ, ಅಂದರೆ ಎತ್ತರ ಅನ್ನುವ ಅರ್ಥವೇ ಮೊದಲೋ? ನನ್ನ ಮನಸ್ಸು ಮೊದಲನೆಯದರ ಕಡೆ ವಾಲುತ್ತದೆ, ಆದರೆ ಅದು ಬರೀ ಊಹೆ.

ಬೇರೆ ಪದಗಳನ್ನೂ ನೋಡಿದೆ. ‘ಅಟ್ಟಣೆ’ಗೆ ಹಾಸು ಇದೆ, ಮಾಡು (ಚಾವಣಿ) ಇರಲೇಬೇಕೆಂದಿಲ್ಲ. ಉತ್ತರ ಕರ್ನಾಟಕದ ಜೋಳದ ಹೊಲದಲ್ಲಿ ಕವಣೆ ಹಿಡಿದು ಹಕ್ಕಿ ಓಡಿಸಲು ನಿಲ್ಲುವುದೂ ಅಟ್ಟಣೆಯೇ, ಅಲ್ಲಿ ಮಳೆಯ ಯೋಚನೆಯೇ ಇಲ್ಲ. ‘ಮಚಾನ್’ ಹಿಂದಿಯಿಂದ ಬಂದದ್ದು, ಮೂಲ ಸಂಸ್ಕೃತದ ‘ಮಂಚ’. ಕೇಳಿದರೆ ಕೋವಿ ಹಿಡಿದು ಹುಲಿಗೆ ಕಾದು ಕೂತವರ ಚಿತ್ರ ಬರುತ್ತದೆ. ಅದೇ ‘ಮಂಚ’ ನಮ್ಮಲ್ಲಿ ಮಲಗುವ ಕೋಣೆ ಸೇರಿ ಕಾಡನ್ನೇ ಮರೆತಿದೆ.

ಇನ್ನೊಂದು ತೊಡಕು ‘ಸೂರು’, ಅಂದರೆ ಮಾಡಿನ ಹೊರಚಾಚಿದ ಅಂಚು. ಆಗುಂಬೆಯಂಥ ಕಡೆ ವರ್ಷಕ್ಕೆ 7000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಹಾಸಿನಿಂದ ಒಂದು ಮೊಳ ಆಚೆಗೆ ಸೂರು ಚಾಚದಿದ್ದರೆ ಇರಚಲು ಹೊಡೆದು ಹಾಸಿಗೆಯೆಲ್ಲ ಒದ್ದೆ. ಆದರೆ ಈಗಿನ ಹುಡುಗರಿಗೆ ಸೂರು ಅಂದರೆ ಮನೆ, ‘ಬಡವರಿಗೆ ಸೂರು’ ಅಂತ ಪೇಪರಿನಲ್ಲಿ ಓದಿ ಗೊತ್ತು. ‘ಸೂರನ್ನು ಒಂದು ಮೊಳ ಚಾಚಿ’ ಅಂತ ಬರೆದರೆ ಅರ್ಥವಾದೀತೇ? ‘ಸೂರಂಚು’ ಅಂದರೆ ಹೇಗೆ?

ಕೊಡಗು, ಕುಮಟಾ, ತುಳುನಾಡಿನವರು ನಿಮ್ಮಲ್ಲಿ ಏನನ್ನುತ್ತಾರೆ ತಿಳಿಸಿ. ಹಂದಿಯೂ ಇಲ್ಲ, ಗದ್ದೆಯೂ ಇಲ್ಲ, ಸುಮ್ನೆ ಮಳೆಗೆ ಕಟ್ಟಿಕೊಂಡದ್ದು. ಅದನ್ನೂ ಮಾಳ ಅನ್ನಬಹುದೇ? ಸದ್ಯಕ್ಕೆ ಕರಡಿನಲ್ಲಿ ಹಾಗೇ ಇಟ್ಟಿದ್ದೇನೆ.