ಲಿವರ್ ಕಾಯಿಲೆ ಇರುವ ಅಮ್ಮನಿಗೆ ಮೂಳೆ ಸವೆತದ ಮದ್ದು ಕೊಡಬಹುದಾ?

ಪ್ರಶ್ನೆ (ಕಾಪು): ಡಾಕ್ಟ್ರೇ, ಅಮ್ಮನಿಗೆ 63 ವರ್ಷ. ಆಟೋಇಮ್ಯೂನ್ ಹೆಪಟೈಟಿಸ್, ಅಂದರೆ ದೇಹದ ರಕ್ಷಣಾ ಶಕ್ತಿಯೇ ಲಿವರನ್ನು ಕೆಡಿಸುವ ಕಾಯಿಲೆ. ಅದಕ್ಕೆ ಪ್ರೆಡ್ನಿಸೋಲೋನ್ (ಸ್ಟೀರಾಯ್ಡ್), ಅಜಾಥಿಯೋಪ್ರಿನ್ ಮಾತ್ರೆ ವರ್ಷಗಳಿಂದ ನಡೀತಾ ಇದೆ. ಈ ಮಳೆಗೆ ಅಂಗಳದ ಪಾಚಿಯಲ್ಲಿ ಜಾರಿ ಮಣಿಕಟ್ಟು ಮುರೀತು. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.9, ಅಂದರೆ ಮೂಳೆ ಸವೆದಿದೆ. ಅದಕ್ಕೆ ವಾರಕ್ಕೊಂದು ಅಲೆಂಡ್ರೊನೇಟ್ 70 ಮಿ.ಗ್ರಾಂ ಬರೆದಿದ್ದಾರೆ. ಲಿವರ್ ಹಾಳಾಗ್ತದೆ ಅಂತ ಅಮ್ಮ ಮಾತ್ರೆ ಮುಟ್ಟುತ್ತಿಲ್ಲ.

ಉತ್ತರ (ಲಿವರ್ ತಜ್ಞರು, ಮಂಗಳೂರು): ಅಮ್ಮನ ಹೆದರಿಕೆ ನನಗೆ ಅರ್ಥ ಆಗ್ತದೆ, ಆದರೆ ಈ ಮದ್ದನ್ನು ಕರಗಿಸುವ ಕೆಲಸ ಲಿವರಿನದ್ದಲ್ಲ. ಅದು ಮೂಳೆಗೆ ಹೋಗಿ ಕೂರ್ತದೆ, ಉಳಿದದ್ದು ಮೂತ್ರದಲ್ಲಿ ಹೋಗ್ತದೆ. ಹಾಗಾಗಿ ನೋಡಬೇಕಾದದ್ದು ಕಿಡ್ನಿ ಮತ್ತು ಅನ್ನನಾಳ. ಮಾತ್ರೆ ಅನ್ನನಾಳದಲ್ಲಿ ನಿಂತರೆ ಅಲ್ಲಿ ಹುಣ್ಣಾಗಬಹುದು. ಸಿರೋಸಿಸ್ (ಲಿವರ್ ಗಾಯಗಟ್ಟಿ ಗಟ್ಟಿಯಾಗುವುದು) ಇದ್ದು ಅಲ್ಲಿನ ರಕ್ತನಾಳಗಳು ಉಬ್ಬಿದ್ದರೆ, ಅಂದರೆ ವೇರಿಸಸ್ ಇದ್ದರೆ, ರಕ್ತಸ್ರಾವದ ಭಯ. ಎಂಡೋಸ್ಕೋಪಿ ಆಗಿದೆಯಾ?

ವೇರಿಸಸ್ ಇಲ್ಲದಿದ್ದರೆ ಧೈರ್ಯವಾಗಿ ಕೊಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ, ಒಂದು ಲೋಟ ಬರೀ ನೀರಿನ ಜೊತೆ. ಆಮೇಲೆ ಅರ್ಧ ಗಂಟೆ ಚಾ, ಗಂಜಿ ಯಾವುದೂ ಬೇಡ, ಮಲಗಲೂ ಬಾರದು. ಕ್ಯಾಲ್ಸಿಯಂ ಮಾತ್ರೆ ಆ ಹೊತ್ತಿಗೆ ಬೇಡವೇ ಬೇಡ, ಮಧ್ಯಾಹ್ನ ಊಟದ ಜೊತೆ ಕೊಡಿ. ಮೂಳೆ ಸವೆಸಿದ್ದು ಪ್ರೆಡ್ನಿಸೋಲೋನ್ ಅಂತ ಅದನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ, ಹೆಪಟೈಟಿಸ್ ಕೆರಳ್ತದೆ.

ಪ್ರಶ್ನೆ (ಕಾಪು): ರಿಪೋರ್ಟ್ ಹುಡುಕಿದೆ. ಗ್ರೇಡ್ 2 ವೇರಿಸಸ್ ಅಂತ ಇದೆ.

ಉತ್ತರ: ಹಾಗಾದರೆ ಮಾತ್ರೆ ಬೇಡ. ಈ ರಿಪೋರ್ಟನ್ನು ಮೂಳೆ ಡಾಕ್ಟರಿಗೆ ತೋರಿಸಿ, ಅವರು ಅದನ್ನು ನೋಡಿರಲಿಕ್ಕಿಲ್ಲ. ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಕೊಡುವ ಜೋಲೆಡ್ರೋನಿಕ್ ಆಸಿಡ್ 5 ಮಿ.ಗ್ರಾಂ ಬಗ್ಗೆ ಕೇಳಿ. ಅದಕ್ಕೂ ಮೊದಲು ಕ್ರಿಯಾಟಿನಿನ್ (ಕಿಡ್ನಿಯ ರಕ್ತ ಪರೀಕ್ಷೆ), ಕ್ಯಾಲ್ಸಿಯಂ, ವಿಟಮಿನ್ ಡಿ ನೋಡಲೇಬೇಕು. ವಿಟಮಿನ್ ಡಿ ಕಡಿಮೆ ಇರುವಾಗ ಕೊಟ್ಟರೆ ರಕ್ತದ ಕ್ಯಾಲ್ಸಿಯಂ ಕುಸೀತದೆ. ಕೀಳಿಸುವ ಹಲ್ಲಿದ್ದರೆ ಮೊದಲೇ ಕೀಳಿಸಿ. ಇಂಜೆಕ್ಷನ್ ಆದ ಮೇಲೆ ಎರಡು-ಮೂರು ದಿನ ಜ್ವರ, ಮೈಕೈ ನೋವು ಬರಬಹುದು. ಅದನ್ನು ಕಂಡು ಲಿವರ್ ಕೆಟ್ಟಿತು ಅಂತ ಗಾಬರಿ ಬೇಡ.

ಪ್ರಶ್ನೆ (ಬ್ರಹ್ಮಾವರ): ನನ್ನ ಚಿಕ್ಕಮ್ಮನಿಗೆ ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್, ಅಂದರೆ ಲಿವರಿನೊಳಗಿನ ಪಿತ್ತನಾಳಗಳು ಹಾಳಾಗುವ ಕಾಯಿಲೆ. ಮೂಳೆ ಸವೆತಕ್ಕೆ ಡೆನೊಸುಮಾಬ್ ಇಂಜೆಕ್ಷನ್ ಎರಡು ಡೋಸ್ ಆಗಿದೆ. ಮುಂದಿನದ್ದು ಈ ತಿಂಗಳು, ಆದರೆ ಮುಂಬೈಗೆ ಮಗಳ ಬಾಣಂತನಕ್ಕೆ ಹೊರಟಿದ್ದಾರೆ. ಬಂದ ಮೇಲೆ ತಗೊಂಡರೆ ಸಾಕಾ?

ಉತ್ತರ: ಸಾಲದು, ದಯವಿಟ್ಟು ಮುಂದೂಡಬೇಡಿ. ಲಿವರಿನ ಮಟ್ಟಿಗೆ ಇದು ಒಳ್ಳೆಯ ಮದ್ದು, ಕಿಡ್ನಿ ಸ್ವಲ್ಪ ಸೋತವರಿಗೂ ಕ್ಯಾಲ್ಸಿಯಂ ನೋಡಿಕೊಂಡು ಕೊಡ್ತೇವೆ. ಆದರೆ ಇದರ ಕೆಲಸ ಆರು ತಿಂಗಳು ಮಾತ್ರ. ಆಮೇಲೆ ಅಷ್ಟು ದಿನ ತಡೆದಿಟ್ಟಿದ್ದ ಸವೆತ ಒಮ್ಮೆಲೇ ನುಗ್ತದೆ, ಬೆನ್ನುಮೂಳೆಯ ಒಂದಕ್ಕಿಂತ ಹೆಚ್ಚು ಕಡೆ ಮುರಿದವರೂ ಇದ್ದಾರೆ. ಚರ್ಮದಡಿಗೆ ಕೊಡುವ 60 ಮಿ.ಗ್ರಾಂ ಇಂಜೆಕ್ಷನ್, ಮುಂಬೈಯಲ್ಲೂ ಸಿಗ್ತದೆ, ಚೀಟಿ ಬ್ಯಾಗಿಗೆ ಹಾಕಿ ಕಳಿಸಿ. ಮುಂದೆ ಬಿಡಬೇಕು ಅಂತಾದರೂ ಸುಮ್ಮನೆ ಬಿಡುವ ಹಾಗಿಲ್ಲ, ಅದರ ಬದಲಿಗೆ ಜೋಲೆಡ್ರೋನಿಕ್ ಥರದ್ದು ಶುರು ಮಾಡಬೇಕು.

ಚಿಕ್ಕಮ್ಮ ಈ ಕಾಯಿಲೆಯ ತುರಿಕೆಗೆ ಕೊಲೆಸ್ಟೈರಮಿನ್ ಪುಡಿ ಕುಡೀತಾರಾ? ಅದು ವಿಟಮಿನ್ ಡಿಯನ್ನು ಹೊಟ್ಟೆಯಲ್ಲೇ ಹಿಡಿದಿಡ್ತದೆ. ಪುಡಿಗೂ ವಿಟಮಿನ್ ಡಿಗೂ ನಡುವೆ ನಾಲ್ಕು ಗಂಟೆ ಅಂತರ ಇರಲಿ.